ಇರುಳನ್ನು ಸಂಜೆಗೆ ತಂದ ಶಿವರಾಮ ಕಾರಂತರು

ಶಿವರಾಮ ಕಾರಂತರ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳ ನಾಲಗೆಗೆ ಬರುವುದು ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’. ಅದು ಸಹಜವೇ. ಪಠ್ಯಪುಸ್ತಕಗಳು ಅವರನ್ನು ಕಾದಂಬರಿಕಾರರೆಂದೇ ಪರಿಚಯಿಸುತ್ತವೆ; ಪರೀಕ್ಷೆಯ ಪ್ರಶ್ನೆಗಳೂ ಅದರಾಚೆಗೆ ಕಾಲಿಡುವುದಿಲ್ಲ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಿರಿಯರ ನಡುವೆ ಕಾರಂತರ ಪ್ರಸ್ತಾಪ ಬಂದರೆ ಮಾತು ಕಾದಂಬರಿಗಿಂತ ಮೊದಲು ಆಟದ ಕಡೆಗೆ ಹೊರಳುತ್ತದೆ. ಆಟವೆಂದರೆ ನಮ್ಮಲ್ಲಿ ಯಕ್ಷಗಾನ. ಬೇರೆ ವಿವರಣೆ ಬೇಡ. ಕಾರಂತರು ಆಟವನ್ನು ಉಳಿಸಿದರೆಂದು ಒಬ್ಬರು ಹೇಳಿದರೆ, ಅದರ ನಾಲಗೆಯನ್ನೇ ಕಿತ್ತರೆಂದು ಇನ್ನೊಬ್ಬರು ಸಿಟ್ಟಾಗುತ್ತಾರೆ. ಆ ಮಹನೀಯರು ತೀರಿಕೊಂಡು ದಶಕಗಳೇ ಸಂದರೂ ಈ ವ್ಯಾಜ್ಯ ತೀರಿಲ್ಲ. ಇದರ ಮೂಲವನ್ನು ಹುಡುಕುತ್ತ ಹೋದರೆ ಸಿಕ್ಕುವುದು ಒಂದೇ ಸಂಗತಿ: ಇಡೀ ಇರುಳಿನ ಆಟವನ್ನು ಅವರು ಒಂದು ಸಂಜೆಯ ಪ್ರದರ್ಶನವನ್ನಾಗಿ ಮಾಡಿದರು. ಅವರ ಬದುಕನ್ನು ಆ ಕಡೆಯಿಂದ ನೋಡುವುದು ಈ ಬರಹದ ಉದ್ದೇಶ.

ಕಾರಂತರು ಹುಟ್ಟಿದ್ದು 1902ನೆಯ ಇಸವಿ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕೋಟ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದೆ. ಅಂದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ, ತೆಂಗಿನ ತೋಟ. ಮಂಗಳೂರಿಗೆ ಹೋಗಬೇಕಾದರೆ ಸೇತುವೆಯಿಲ್ಲದ ಹೊಳೆಗಳನ್ನು ಒಂದೊಂದಾಗಿ ದೋಣಿಯಲ್ಲಿ ದಾಟಬೇಕಾಗಿದ್ದ ಕಾಲವದು. ಇಂತಹ ಊರಿಗೆ ಮನರಂಜನೆ ಹೊರಗಿನಿಂದ ಬರುವ ಸಂಭವವೇ ಇರಲಿಲ್ಲ. ದೇವಸ್ಥಾನದ ಹಬ್ಬ, ಗದ್ದೆಯ ಕಂಬಳ, ಭೂತದ ಕೋಲ, ಎಲ್ಲಕ್ಕಿಂತ ಮಿಗಿಲಾಗಿ ಆಟ.

ಮಳೆಗಾಲ ಕಳೆದು ದೀಪಾವಳಿ ದಾಟಿದ ಮೇಲೆ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಪೆರ್ಡೂರು ಮೊದಲಾದ ಕ್ಷೇತ್ರಗಳ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮುಂದಿನ ಮಳೆ ಬರುವ ತನಕ ಊರೂರಲ್ಲಿ ಆಟ. ಅಂದಿನ ಆಟದ ಇರುಳು ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ನೆನೆಯಬೇಕು. ಇಲ್ಲವಾದರೆ ಕಾರಂತರು ಯಾವುದಕ್ಕೆ ಕತ್ತರಿ ಹಾಕಿದರೆಂಬುದು ತಿಳಿಯುವುದಿಲ್ಲ. ಸಂಜೆ ಚೆಂಡೆ ಮದ್ದಳೆಗಳ ಸದ್ದು ಕೇಳಿತೆಂದರೆ ಇಂದು ಆಟವುಂಟೆಂದು ಸುತ್ತಣ ಊರುಗಳಿಗೆ ಸುದ್ದಿ. ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಸೂಡಿಯ ಬೆಳಕಿನಲ್ಲಿ ಜನ ಗದ್ದೆಯಂಚು ಹಿಡಿದು ಬರುವರು. ಮೊದಲು ರಂಗಕ್ಕೆ ಬರುವವು ಕೋಡಂಗಿಗಳು, ಹೊಸದಾಗಿ ಹೆಜ್ಜೆ ಕಲಿಯುವ ಹುಡುಗರು. ಬಳಿಕ ಬಾಲಗೋಪಾಲರು, ಸ್ತ್ರೀವೇಷ. ಆಮೇಲೆ ಒಡ್ಡೋಲಗ, ಪ್ರಸಂಗದ ಆರಂಭ. ನಡುವೆ ಹಾಸ್ಯಗಾರನ ಪ್ರವೇಶ. ನಡುರಾತ್ರಿ ಕಳೆದು ಮಕ್ಕಳೆಲ್ಲ ನಿದ್ದೆಹೋದ ಹೊತ್ತಿಗೆ ಬಣ್ಣದ ವೇಷದ ಆರ್ಭಟ. ಆ ಕೂಗಿಗೆ ಮಕ್ಕಳು ಬೆಚ್ಚಿ ಎದ್ದು ತಾಯಿಯ ಸೆರಗಿನಲ್ಲಿ ಮುಖ ಮರೆಸುವರು. ಬೆಳಗಿನ ಜಾವಕ್ಕೆ ಯುದ್ಧ, ಬೆಳಕು ಹರಿಯುವಾಗ ಮಂಗಳ.

ಎಂದರೆ ಆ ಇರುಳೂ ಒಂದೇ ಕಥೆಯ ಇರುಳಾಗಿರಲಿಲ್ಲ. ಹತ್ತು ಬಗೆಯ ಜನಕ್ಕೆ ಹತ್ತು ಬಗೆಯ ಊಟ ಬಡಿಸುವ ಪಂಕ್ತಿಯಾಗಿತ್ತು. ಯಾವ ಹೊತ್ತಿಗೆ ಏನು ಬರುವುದೆಂದು ಪ್ರೇಕ್ಷಕನಿಗೆ ಗೊತ್ತಿತ್ತು. ತನಗೆ ಬೇಡದ ಹೊತ್ತಿನಲ್ಲಿ ಅವನು ಮಲಗುತ್ತಿದ್ದ, ಚರುಮುರಿ ಕೊಳ್ಳುತ್ತಿದ್ದ, ನೆಂಟರೊಡನೆ ಮದುವೆಯ ಮಾತುಕತೆ ನಡೆಸುತ್ತಿದ್ದ. ಚೆಂಡೆಯ ಪೆಟ್ಟು ಬದಲಾದೊಡನೆ ಯಾವ ವೇಷ ಬಂತೆಂದು ಕಣ್ಣು ತೆರೆಯದೆಯೇ ಹೇಳಬಲ್ಲವರು ನಮ್ಮ ಕಡೆ ಈಗಲೂ ಇದ್ದಾರೆ. ಬಾಲಕ ಶಿವರಾಮನ ಮನಸ್ಸಿಗೆ ಬಿದ್ದ ಮೊದಲ ಬಣ್ಣ ಈ ಇರುಳಿನದು.

ಪ್ರಾಥಮಿಕ ವಿದ್ಯಾಭ್ಯಾಸ ಕೋಟದಲ್ಲಿ, ಪ್ರೌಢಶಾಲೆ ಕುಂದಾಪುರದಲ್ಲಿ. ಮುಂದೆ ಮಂಗಳೂರಿನ ಸರಕಾರಿ ಕಾಲೇಜು. ಅಲ್ಲಿಯ ಓದು ಬಹಳ ಕಾಲ ಸಾಗಲಿಲ್ಲ. ಗಾಂಧೀಜಿಯವರ ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು ಅವರು ಕಾಲೇಜನ್ನು ತೊರೆದರು. ಖಾದಿ ಮಾರಿದರು, ಊರೂರು ತಿರುಗಿ ಭಾಷಣ ಮಾಡಿದರು, ಬ್ರಹ್ಮಚರ್ಯ, ಅಧ್ಯಾತ್ಮಗಳ ಬೆನ್ನುಹತ್ತಿ ನೋಡಿ, ಅವೆರಡೂ ತನ್ನ ದಾರಿಯಲ್ಲವೆಂದು ಕಂಡುಕೊಂಡರು. 1920ರ ದಶಕದಲ್ಲಿ ಕುಂದಾಪುರದಿಂದ ‘ವಸಂತ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ತಮ್ಮ ಮೊದಮೊದಲ ಬರಹಗಳನ್ನು ಅದರಲ್ಲಿಯೇ ಅಚ್ಚುಹಾಕಿದರು. ಸಣ್ಣ ಊರಿನ ಪತ್ರಿಕೆಗೆ ಚಂದಾದಾರರು ಎಷ್ಟು ದಿನ ನಿಲ್ಲುತ್ತಾರೆ? ಅದು ನಿಂತಿತು. ಕಾರಂತರು ನಿಲ್ಲಲಿಲ್ಲ.

ಅವರನ್ನು ಹಿಡಿದಿದ್ದ ಹುಚ್ಚು ರಂಗಭೂಮಿಯದು. ನಾಟಕ ಕಂಪೆನಿಗಳ ಹಿಂದೆ ತಿರುಗಿದರು. ನಾಟಕ ಬರೆದರು, ಬಣ್ಣ ಹಚ್ಚಿದರು, ಪರದೆ ಬರೆದರು. ‘ಗರ್ಭಗುಡಿ’ಯಂತಹ ನಾಟಕದಿಂದ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದರು. ಮಾತನ್ನು ಬಿಟ್ಟು ಹಾಡಿನಿಂದಲೇ ನಡೆಯುವ ನಾಟಕ ಸಾಧ್ಯವೇ ಎಂದು ‘ಕಿಸಾ ಗೌತಮಿ’, ‘ಮುಕ್ತದ್ವಾರ’ ಮೊದಲಾದ ಗೀತನಾಟಕಗಳನ್ನು ರಚಿಸಿ ಆಡಿಸಿದರು. ನೃತ್ಯವನ್ನು ಅಭ್ಯಾಸ ಮಾಡಿದರು. 1930ರ ಆಸುಪಾಸಿನಲ್ಲಿ ಕ್ಯಾಮರಾ ಹಿಡಿದು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನೂ ತೆಗೆದರು. ಕನ್ನಡಕ್ಕೆ ಮಾತಿನ ಚಿತ್ರ ಬರುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಆ ಚಿತ್ರಗಳಿಂದ ಕೈಗೆ ಬಂದದ್ದೇನೂ ಇಲ್ಲ. ಆದರೆ ಮಾತಿಲ್ಲದೆ ಎಷ್ಟನ್ನು ಹೇಳಬಹುದೆಂಬ ಪ್ರಶ್ನೆ ಅವರ ಕೈಯಲ್ಲಿ ಉಳಿಯಿತು. ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ, ಏಕೆಂದರೆ ಮುಂದಿನ ವಿವಾದದ ಬೇರು ಇಲ್ಲಿದೆ.

ಅಲೆದಾಟದ ತರುವಾಯ ಅವರು ನೆಲೆನಿಂತದ್ದು ಪುತ್ತೂರಿನಲ್ಲಿ. ಅಲ್ಲಿ ಅವರಿಗೆ ಆಸರೆಯಾದವರು ಸಹಕಾರ ಚಳುವಳಿಯ ಮುಂದಾಳು ಮೊಳಹಳ್ಳಿ ಶಿವರಾಯರು. ಶಿವರಾಯರ ಮನೆತನದ ಹೆಸರಿನಲ್ಲಿರುವ ಮೊಳಹಳ್ಳಿ ನಮ್ಮ ಕುಂದಾಪುರ ತಾಲೂಕಿನದೇ. ಹಾಗಾಗಿ ಪುತ್ತೂರಿನ ಆ ಅಧ್ಯಾಯದಲ್ಲಿ ನಮ್ಮ ಕಡೆಯ ನೀರೂ ಸೇರಿದೆಯೆಂದು ಹೆಮ್ಮೆಪಟ್ಟರೆ ತಪ್ಪಲ್ಲ. 1930ರ ದಶಕದಲ್ಲಿ ಪುತ್ತೂರಿನಲ್ಲಿ ನಡೆದ ದಸರಾ ನಾಡಹಬ್ಬ ಕನ್ನಡನಾಡಿನಲ್ಲೆಲ್ಲ ಹೆಸರಾಯಿತು. ನವರಾತ್ರಿಯ ಸಂಜೆಗಳಲ್ಲಿ ಒಂದು ಭಾಷಣ, ಒಂದು ಸಂಗೀತ ಕಛೇರಿ, ಕಾವ್ಯವಾಚನ, ನೃತ್ಯ, ನಾಟಕ. ದೂರದ ಊರುಗಳಿಂದ ಹೆಸರಾಂತ ಸಾಹಿತಿಗಳು ಬಂದು ಮಾತನಾಡಿದರು. ಕಾರಂತರು ಅದರ ಯೋಜಕರು, ಕೆಲಸದಾಳು, ನಟ, ನಿರ್ದೇಶಕ ಎಲ್ಲವೂ. ಅಂಗಡಿಯ ವರ್ತಕ, ಅಡಕೆ ತೋಟದ ಕೃಷಿಕ, ಶಾಲೆಯ ಮೇಷ್ಟ್ರು, ವಕೀಲ, ಮನೆಯ ಹೆಂಗಸರು, ಮಕ್ಕಳು, ಇವರೆಲ್ಲ ಒಂದೇ ಚಪ್ಪರದಡಿ ಕುಳಿತಾಗ ಯಾರಿಗೆ ಏನನ್ನು, ಎಷ್ಟು ಹೊತ್ತು, ಯಾವುದರ ಬಳಿಕ ಯಾವುದನ್ನು ಕೊಡಬೇಕೆಂಬ ಲೆಕ್ಕಾಚಾರವನ್ನು ಕಾರಂತರು ಇಲ್ಲಿ ಕೈಯಾರೆ ಕಲಿತರು.

ಇದೇ ಲೆಕ್ಕಾಚಾರದಲ್ಲಿ ಅದೇ ದಶಕದಲ್ಲಿ ಸಾವಿರಾರು ಮೈಲಿ ದೂರದ ಬ್ರಿಟನ್ನಿನಲ್ಲಿಯೂ ಕೆಲವರು ತೊಡಗಿದ್ದರೆಂಬುದು ಸ್ವಾರಸ್ಯದ ಸಂಗತಿ. ಬಿ.ಬಿ.ಸಿ. ಸಂಸ್ಥೆಯು 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸಿನಿಂದ ಟೆಲಿವಿಷನ್ ಪ್ರಸಾರವನ್ನು ನಿಯತವಾಗಿ ಆರಂಭಿಸಿತು. ಆಗ ದಿನಕ್ಕೆ ಸುಮಾರು ಎರಡು ತಾಸಿನ ಕಾರ್ಯಕ್ರಮ. ಅದೂ ಲಂಡನ್ನಿನ ಸುತ್ತಮುತ್ತ ಪೆಟ್ಟಿಗೆ ಕೊಂಡ ಕೆಲವೇ ನೂರು ಮನೆಗಳಿಗೆ. ಮೊದಲ ದಿನವೇ ಒಬ್ಬ ಹಾಡುಗಾರ್ತಿ, ಅಮೆರಿಕದಿಂದ ಬಂದ ಹಾಡು ಕುಣಿತದ ಒಂದು ಜೋಡಿ, ಚೀನೀ ಕೈಚಳಕದವರು ಆ ಸಣ್ಣ ಗಾಜಿನ ಮೇಲೆ ಕಾಣಿಸಿಕೊಂಡರು. ಯುದ್ಧ ಬಂತೆಂದು 1939ರ ಸೆಪ್ಟೆಂಬರಿನಲ್ಲಿ ನಿಂತ ಪ್ರಸಾರ 1946ರ ಜೂನಿನಲ್ಲಿ ಮತ್ತೆ ಮೊದಲಾಯಿತು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಸುಮಾರು 2 ಕೋಟಿ ಜನ ನೋಡಿದರೆಂದು ಲೆಕ್ಕ. ಪೆಟ್ಟಿಗೆಯಿಲ್ಲದವರು ನೆರೆಮನೆಗಳಲ್ಲಿ ಕಿಕ್ಕಿರಿದು ಕುಳಿತರಂತೆ. ಆ ವರ್ಷಗಳ ಬ್ರಿಟನ್ನಿನ ಒಂದು ಸಂಜೆಯೆಂದರೆ ಮೊದಲು ಮಕ್ಕಳ ಕಾರ್ಯಕ್ರಮ. ಆರರಿಂದ ಏಳು ಗಂಟೆಯವರೆಗೆ ಬರಿದು, ತಾಯಂದಿರು ಮಕ್ಕಳನ್ನು ಮಲಗಿಸಲೆಂದು ಬಿಟ್ಟ ಬಿಡುವು. ಈ ಬಿಡುವನ್ನು 1957ರಲ್ಲಿ ಕೈಬಿಟ್ಟರು. ಆಮೇಲೆ ವಾರ್ತೆ, ನಾಟಕ, ಒಗಟಿನ ಆಟ, ಹಾಡು ಹಾಸ್ಯಗಳ ಕೂಟ. ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಹೊತ್ತು ಮಿಕ್ಕರೆ ಕುಂಬಾರನೊಬ್ಬ ತಿಗರಿಯ ಮೇಲೆ ಮಡಕೆ ಮಾಡುವ ಚಿತ್ರವನ್ನು ತೋರಿಸುತ್ತಿದ್ದರು. ಕೊನೆಗೆ ರಾಷ್ಟ್ರಗೀತೆ, ದೀಪ ಆರಿಸಿ ಮಲಗುವುದು. ಆ ತಿಗರಿಯ ಚಿತ್ರದ ವಿಚಾರ ಓದಿದಾಗಲೆಲ್ಲ ನನಗೆ ನಮ್ಮ ಕೋಡಂಗಿಗಳ ನೆನಪಾಗುತ್ತದೆ. ವೇಷಧಾರಿಗಳಿಗೆ ಚೌಕಿಯಲ್ಲಿ ಬಣ್ಣ ಮುಗಿಯುವ ತನಕ ರಂಗವನ್ನು ಬೆಚ್ಚಗಿಡುವವರು ಅವರು ತಾನೆ!

ಎರಡು ಕಡೆಯೂ ಎದ್ದ ಪ್ರಶ್ನೆ ಒಂದೇ. ಸಂಜೆಯ ಮೂರು ತಾಸನ್ನು ನಮ್ಮ ಕೈಗೆ ಒಪ್ಪಿಸಿದ ಜನಕ್ಕೆ ಅವರು ಕೇಳಿದ್ದನ್ನು ಕೊಡಬೇಕೇ, ಅವರು ಕೇಳಲು ಅರಿಯದ ಒಳ್ಳೆಯದನ್ನು ಕೊಡಬೇಕೇ? ಬಿ.ಬಿ.ಸಿ.ಯ ಮೊದಲ ಮಹಾನಿರ್ದೇಶಕ ಜಾನ್ ರೀತ್ ಎರಡನೆಯದನ್ನೇ ಹಟದಿಂದ ಹಿಡಿದ ಮನುಷ್ಯ. ಬ್ರಿಟನ್ನಿನಲ್ಲಿ 1955ರಲ್ಲಿ ಜಾಹೀರಾತಿನ ಹಣದಿಂದ ನಡೆಯುವ ಎರಡನೆಯ ವಾಹಿನಿ ಬಂದ ಮೇಲೆ ಆ ಹಟಕ್ಕೆ ಪೆಟ್ಟು ಬಿತ್ತು. ಕಾರಂತರೂ ಎರಡನೆಯ ಪಂಗಡದವರೇ. ಜನರಿಗೆ ಇಷ್ಟವೆಂಬ ಒಂದೇ ಕಾರಣಕ್ಕೆ ಅವರು ಯಾವುದನ್ನೂ ಮಾಡಲಿಲ್ಲ. ಜನರಿಗೆ ಇಷ್ಟವಿಲ್ಲವೆಂದು ಯಾವುದನ್ನೂ ಬಿಡಲಿಲ್ಲ. ರೀತ್‌ಗೆ ಬೆನ್ನ ಹಿಂದೆ ಒಂದು ದೊಡ್ಡ ಸಂಸ್ಥೆಯಿತ್ತು, ಜನ ಕಟ್ಟುವ ಲೈಸೆನ್ಸ್ ಹಣವಿತ್ತು. ಕಾರಂತರ ಬೆನ್ನ ಹಿಂದೆ ಇದ್ದದ್ದು ಸಾಲ.

ಬ್ರಿಟನ್ನಿನಲ್ಲಿ ಟೆಲಿವಿಷನ್ ಕಣ್ಣುತೆರೆದ ಅದೇ 1936ರಲ್ಲಿ ಕಾರಂತರು ಲೀಲಾ ಅವರನ್ನು ಮದುವೆಯಾದರು. ಬ್ರಾಹ್ಮಣ ಮನೆತನದ ತರುಣ ಬಂಟರ ಮನೆಯ ಕನ್ಯೆಯ ಕೈಹಿಡಿದದ್ದು ಅಂದಿನ ಸಮಾಜಕ್ಕೆ ಸಣ್ಣ ಸುದ್ದಿಯಲ್ಲ. ಲೀಲಾ ಕಾರಂತರು ಮನೆಯಲ್ಲಿ ಮಾತ್ರವಲ್ಲ, ರಂಗದಲ್ಲಿಯೂ ಗಂಡನಿಗೆ ಜೊತೆಯಾದರು. ಪುತ್ತೂರಿನ ಗುಡ್ಡದ ಮೇಲಿನ ‘ಬಾಲವನ’ ಅವರ ಮನೆಯೂ ಆಯಿತು, ಪ್ರಯೋಗಶಾಲೆಯೂ ಆಯಿತು. ಮಕ್ಕಳಿಗೆ ಆಟ, ಹಾಡು, ಕುಣಿತಗಳ ಮೂಲಕ ಪಾಠ ಕಲಿಸುವ ಪ್ರಯತ್ನ ಅಲ್ಲಿ ನಡೆಯಿತು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು, ಮುಂದೆ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ತಮ್ಮ ಪುಸ್ತಕಗಳಿಗೆ ಚಿತ್ರಗಳನ್ನೂ ತಾವೇ ಬರೆದುಕೊಂಡದ್ದುಂಟು. 1948ರಲ್ಲಿ ಬಂದ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಅವರು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲದರ ನಡುವೆಯೂ ಬಾಲ್ಯದ ಆ ಇರುಳು ಅವರನ್ನು ಬಿಟ್ಟಿರಲಿಲ್ಲ. ಆದರೆ ಅವರು ಹಿಂದಿರುಗಿ ನೋಡುವ ಹೊತ್ತಿಗೆ ಆಟವೇ ಬದಲಾಗತೊಡಗಿತ್ತು. ದೀವಟಿಗೆಯ ಎಣ್ಣೆಬೆಳಕು ಹೋಗಿ ಗ್ಯಾಸ್‌ಲೈಟು, ತರುವಾಯ ವಿದ್ಯುದ್ದೀಪ ಬಂತು. ಹಳದಿ ಬೆಳಕಿಗಾಗಿ ಹುಟ್ಟಿದ ಮುಖವರ್ಣಿಕೆ ಬಿಳಿ ಬೆಳಕಿನಲ್ಲಿ ಬೇರೆಯೇ ಆಗಿ ಕಂಡಿತು. ಮರದ ಮೇಲೆ ಬೇಗಡೆ ಅಂಟಿಸಿದ ಎದೆಕಟ್ಟು, ಭುಜಕೀರ್ತಿಗಳು, ಚೌಕುಳಿಯ ಕಸೆ ಸೀರೆ, ತಲೆಯ ಮೇಲಿನ ಮುಂಡಾಸು, ಇವುಗಳ ಜಾಗಕ್ಕೆ ನಾಟಕ ಕಂಪೆನಿಯ ಮಖಮಲ್ಲು, ಗಾಜಿನ ಮಣಿ, ಥಳಕಿನ ಕಿರೀಟಗಳು ನುಗ್ಗಿದವು. ಡೇರೆ ಕಟ್ಟಿ, ಟಿಕೇಟು ಹಚ್ಚಿ, ಸಿನೆಮಾದೊಡನೆ ಸ್ಪರ್ಧೆಗಿಳಿದ ಮೇಲೆ ಮೇಳಗಳಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಬೇಕು. ಕಾರಂತರು ಇದನ್ನು ಕಂಡು ಮರುಗಿ ಕುಳಿತುಕೊಳ್ಳುವ ಜಾಯಮಾನದವರಲ್ಲ. ತಾಳೆಗರಿಗಳನ್ನು ಹುಡುಕಿದರು, ಮುದುಕರಾದ ಭಾಗವತರಿಂದ ಹಾಡಿಸಿದರು, ಹಳೆಯ ವೇಷಗಳ ಚಿತ್ರ ತೆಗೆದರು, ಬಣ್ಣಗಾರಿಕೆಯನ್ನು ಗುರುತುಮಾಡಿಕೊಂಡರು. ಗೋಪನೀತಿಯಂತಹ ರಾಗಗಳು ಆಟದಲ್ಲಿ ಮಾತ್ರ ಉಳಿದುಕೊಂಡಿವೆಯೆಂಬುದನ್ನು ಎತ್ತಿ ತೋರಿಸಿದರು.

ಈ ಸಂಶೋಧನೆಯ ನಡುನೆಲ ಬ್ರಹ್ಮಾವರದ ಸೀಮೆ. ಅದೇಕೆಂದರೆ ಬಡಗುತಿಟ್ಟಿನ ಕುಣಿತಕ್ಕೆ ಹೆಸರಾದ ಹಾರಾಡಿ, ಮಟಪಾಡಿ ಎಂಬ ಎರಡು ಸಂಪ್ರದಾಯಗಳೂ ಬ್ರಹ್ಮಾವರದ ಮಗ್ಗುಲಿನ ಊರುಗಳವು. ಹಾರಾಡಿ ರಾಮ ಗಾಣಿಗರ ಗಂಭೀರ ವೇಷಗಾರಿಕೆ, ಮಟಪಾಡಿ ವೀರಭದ್ರ ನಾಯಕರ ಹೆಜ್ಜೆಯ ಖಚಿತತೆ, ಹಿರಿಯಡಕ ಗೋಪಾಲರಾಯರ ಮದ್ದಳೆ, ಇವು ಆ ತಲೆಮಾರಿನ ಸಂಪತ್ತು. ಅಜಪುರ ಎಂದರೆ ಬ್ರಹ್ಮಾವರ. ಅಲ್ಲಿಯ ವಿಷ್ಣು ಕವಿಯ ‘ವಿರಾಟಪರ್ವ’ವನ್ನು, 1564ರ ಕಾಲವನ್ನು ಹೊತ್ತ ಆ ಪ್ರಸಂಗವನ್ನು, ತೀರ ಹಳೆಯ ಯಕ್ಷಗಾನ ಕೃತಿಗಳ ಸಾಲಿನಲ್ಲಿ ಹೇಳುತ್ತಾರೆ. ನಾಲ್ಕು ನೂರು ವರ್ಷಗಳಿಗೂ ಹಿಂದಿನಿಂದ ಹಾಡಿದ ನೆಲದಲ್ಲಿ ನಿಂತು ಕಾರಂತರು ಕೆಲಸ ಮಾಡಿದರು. ಅದರ ಫಲ 1957ರಲ್ಲಿ ಹೊರಬಂದ ‘ಯಕ್ಷಗಾನ ಬಯಲಾಟ’. ಈ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಮರಳಿ ಮಣ್ಣಿಗೆ’ ಬರೆದವರಿಗೆ ಅಕಾಡೆಮಿ ಬಹುಮಾನ ಬಂದದ್ದು ಆಟದ ಪುಸ್ತಕಕ್ಕೆ ಎಂಬುದನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಂಬಲು ಹಿಂಜರಿಯುತ್ತಾರೆ.

ಪುಸ್ತಕ ಬರೆದು ಸುಮ್ಮನಾಗಿದ್ದರೆ ವಿವಾದವೇ ಇರುತ್ತಿರಲಿಲ್ಲ. ಅವರು ಕಲಾವಿದರನ್ನು ಕೂಡಿಸಿಕೊಂಡು ಹೊಸ ಆಟವನ್ನು ಕಟ್ಟಿದರು. ಜನ ಅದನ್ನು ಯಕ್ಷಗಾನ ಬ್ಯಾಲೆ ಎಂದು ಕರೆದರು. ‘ಅಭಿಮನ್ಯು’, ‘ನಳದಮಯಂತಿ’, ‘ಪಂಚವಟಿ’ ಮೊದಲಾದ ಕಥೆಗಳು ಅದರಲ್ಲಿ ರಂಗಕ್ಕೆ ಬಂದವು. ಇರುಳಿಡೀ ನಡೆಯುವ ಪ್ರಸಂಗ ಎರಡು, ಎರಡೂವರೆ ತಾಸಿಗೆ ಇಳಿಯಿತು. ವೇಷಭೂಷಣ ಹಳೆಯದಕ್ಕೆ ಮರಳಿತು; ಸಂಗೀತಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳು ಸೇರಿದವು. ಗುಂಪಿನ ಕುಣಿತಕ್ಕೆ ವಿನ್ಯಾಸ ಬಂತು. ಮುಖ್ಯವಾದದ್ದು ಇದು: ಮಾತು ಹೋಯಿತು. ಭಾಗವತರು ಹಾಡಿದರು, ಪಾತ್ರಗಳು ಕುಣಿದವು, ಅಭಿನಯಿಸಿದವು, ಬಾಯಿ ತೆರೆಯಲಿಲ್ಲ.

ಇದೊಂದು ವಿಪರ್ಯಾಸವಲ್ಲವೇ? ನಲವತ್ತಕ್ಕೂ ಮಿಕ್ಕ ಕಾದಂಬರಿಗಳನ್ನು, ನಿಘಂಟನ್ನು, ವಿಶ್ವಕೋಶಗಳನ್ನು ಬರೆದ, ಸಭೆಯಲ್ಲಿ ಎದ್ದರೆ ಯಾರಿಗೂ ಹೆದರದೆ ಮಾತನಾಡಿದ ಮನುಷ್ಯ ರಂಗದಿಂದ ಮಾತನ್ನೇ ಹೊರಗಟ್ಟಿದರು. ಕಾರಣಗಳಿಗೇನೂ ಕೊರತೆಯಿರಲಿಲ್ಲ. ಭಾಗವತನ ಪದ್ಯದಲ್ಲಿಯೇ ಅರ್ಥವಿದೆ. ಅದನ್ನೇ ವೇಷಧಾರಿ ಗದ್ಯದಲ್ಲಿ ಎಳೆದಾಡಿದರೆ ರಾಗದಿಂದ ಹುಟ್ಟಿದ ಭಾವ ಆರಿಹೋಗುತ್ತದೆ. ಮಾತುಗಾರಿಕೆ ಬೆಳೆದಂತೆ ಕುಣಿತ ಸೊರಗುತ್ತದೆ. ಹಾಸ್ಯದ ಹೆಸರಿನಲ್ಲಿ ಹೊಲಸು ನುಗ್ಗುತ್ತದೆ. ಇದಲ್ಲದೆ ಕನ್ನಡ ಬಾರದವನಿಗೂ ಆಟ ಮುಟ್ಟಬೇಕಾದರೆ ಮಾತು ಅಡ್ಡಿ. ಹೊತ್ತಿನ ವಿಷಯದಲ್ಲಿಯೂ ಅವರ ಪಕ್ಷ ಬಲವಾದದ್ದೇ. ಕೊಯ್ಲು ಮುಗಿಸಿ ಕೈಖಾಲಿಯಾದ ಒಕ್ಕಲಿಗನ ಇರುಳು ಬೇರೆ. ಬೆಳಿಗ್ಗೆ ಹತ್ತಕ್ಕೆ ಕಚೇರಿಗೋ ಶಾಲೆಗೋ ಹೋಗಬೇಕಾದವನ ಇರುಳು ಬೇರೆ. ಕಾಲ ಬದಲಾಗಿತ್ತು. ಆಟವನ್ನು ಸಂಜೆಗೆ ತಾರದಿದ್ದರೆ ಈ ಎರಡನೆಯವನು ಅದನ್ನು ನೋಡುವಂತೆಯೇ ಇರಲಿಲ್ಲ.

ಎದುರು ಪಕ್ಷದ ಮಾತೂ ಹಗುರವಲ್ಲ. ನಮ್ಮ ಕರಾವಳಿಯ ಜನಕ್ಕೆ ಪುರಾಣ ಗೊತ್ತಾದದ್ದು ಓದಿನಿಂದಲ್ಲ, ಅರ್ಥಗಾರಿಕೆಯಿಂದ. ಅಕ್ಷರ ಬಾರದ ವೇಷಧಾರಿಯೂ ಕರ್ಣನಾಗಿ ಕೃಷ್ಣನೊಡನೆ ಧರ್ಮದ ಸೂಕ್ಷ್ಮವನ್ನು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಿದ್ದ. ಬರೆದಿಟ್ಟುಕೊಂಡ ಸಂಭಾಷಣೆಯಿಲ್ಲ, ಇಂದು ಹೇಳಿದ್ದು ನಾಳೆಗಿಲ್ಲ. ಕುಂದಗನ್ನಡವನ್ನಾಡುವ ರೈತನೊಬ್ಬ ರಂಗವೇರಿದೊಡನೆ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ತಪ್ಪದೆ ಮಾತನಾಡುವುದು ಸಾಮಾನ್ಯ ಸಾಧನೆಯೇ? ಕನ್ನಡದ ಪಾಠ ಹೇಳುವವನಾಗಿ ನನಗೆ ಈ ಪಕ್ಷದ ಕಡೆಗೇ ಒಲವು. ಕಾರಂತರು ಹೊತ್ತನ್ನು ಕಡಿತ ಮಾಡಿದ್ದು ಸರಿ, ಮಖಮಲ್ಲನ್ನು ಕಿತ್ತೆಸೆದದ್ದು ಅದಕ್ಕಿಂತ ಸರಿ. ಮಾತನ್ನು ಪೂರ್ತಿಯಾಗಿ ಕಳೆದದ್ದು ಮಾತ್ರ ಹೆಚ್ಚಾಯಿತು. ಕಳೆ ಕೀಳುವಾಗ ಬೆಳೆಯ ಒಂದು ಸಾಲೂ ಕೈಗೆ ಬಂತು. ಹಾಗೆಂದು ಅವರ ಪ್ರಯೋಗ ಆಟದ ಅಂಗಾಂಗಗಳನ್ನು ಬಿಡಿಸಿ ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲವೆಂಬುದನ್ನು ಒಪ್ಪಲೇಬೇಕು. ಹೆಜ್ಜೆ, ಬಣ್ಣ, ರಾಗ, ಇವೆಲ್ಲ ಮಾತಿನ ಸಂತೆಯಲ್ಲಿ ಕಣ್ಣುತಪ್ಪಿದ್ದವು.

ಕಾರಂತರು 1950ರ ದಶಕದಲ್ಲಿ ಯುರೋಪಿನ ದೇಶಗಳನ್ನು ಸುತ್ತಿಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದರು. ಅಲ್ಲಿಯ ಕಲಾಶಾಲೆ, ರಂಗಮಂದಿರಗಳನ್ನು ನೋಡಿದ ಕಣ್ಣು ನಮ್ಮ ಆಟವನ್ನು ಮತ್ತಷ್ಟು ಬಿಗಿಯಾಗಿ ಕಟ್ಟಲು ಅವರನ್ನು ಪ್ರೇರಿಸಿರಬೇಕು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಪ್ರೊ. ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರ ಆರಂಭವಾದಾಗ ಅವರಿಗೊಂದು ನೆಲೆ ಸಿಕ್ಕಿತು. ‘ಯಕ್ಷರಂಗ’ದ ತಂಡದೊಡನೆ ಯುರೋಪ್, ಲ್ಯಾಟಿನ್ ಅಮೆರಿಕಗಳ ದೇಶಗಳಿಗೂ ಹೋದರು. ಕನ್ನಡದ ಒಂದಕ್ಷರ ತಿಳಿಯದ ಆ ಸಭೆಗಳ ಮುಂದೆ ಮಾತಿಲ್ಲದ ಆಟ ನಿಂತಿತು. ಅಲ್ಲಿ ಅವರ ಲೆಕ್ಕ ಸರಿಯಾಗಿತ್ತು. ಎಂಬತ್ತು ದಾಟಿದ ಮೇಲೂ ತಾಲೀಮಿನಲ್ಲಿ ತಾವೇ ಎದ್ದು ಹೆಜ್ಜೆ ತೋರಿಸುತ್ತಿದ್ದರು. ತಾಳ ತಪ್ಪಿದವನಿಗೆ ಅವರ ಬೈಗುಳ ತಪ್ಪುತ್ತಿರಲಿಲ್ಲ.

ಉಳಿದ ವಿವರಗಳು ಎಲ್ಲರಿಗೂ ಗೊತ್ತಿರುವಂಥವು. 1955ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1968ರಲ್ಲಿ ಪದ್ಮಭೂಷಣ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅದನ್ನು ಹಿಂದಿರುಗಿಸಿದ್ದು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ. ಎಪ್ಪತ್ತರ ದಶಕದಲ್ಲಿ ಪುತ್ತೂರನ್ನು ಬಿಟ್ಟು ಹುಟ್ಟೂರಿನ ಮಗ್ಗುಲಿನ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಹಿರಿಯ ಮಗ ಹರ್ಷನನ್ನು ಅಕಾಲದಲ್ಲಿ ಕಳೆದುಕೊಂಡ ದುಃಖವನ್ನು ಮೊದಲೇ ಉಂಡಿದ್ದರು; 1986ರಲ್ಲಿ ಲೀಲಾ ಅವರೂ ತೀರಿಕೊಂಡರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 87ರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು.

ಅಷ್ಟು ಹೊತ್ತಿಗೆ ಕರಾವಳಿಯ ಮನೆಗಳಿಗೂ ಟೆಲಿವಿಷನ್ ಬಂದಿತ್ತು. ದೆಹಲಿಯಲ್ಲಿ 1959ರಲ್ಲಿ ಪ್ರಯೋಗವಾಗಿ ಆರಂಭವಾದದ್ದು ನಮ್ಮ ಮನೆಗಳ ಮಾಡಿನ ಮೇಲೆ ಆಂಟೆನಾ ಆಗಿ ಕುಳಿತದ್ದು 1980ರ ದಶಕದಲ್ಲಿ. ಬ್ರಿಟನ್ನಿನ ನೆರೆಮನೆಗಳಲ್ಲಿ ಪಟ್ಟಾಭಿಷೇಕದ ದಿನ ಜನ ಕಿಕ್ಕಿರಿದಂತೆಯೇ ನಮ್ಮಲ್ಲಿ ಭಾನುವಾರದ ರಾಮಾಯಣಕ್ಕೆ ಕಿಕ್ಕಿರಿದರು. ವಾರ್ತೆ, ಹಾಡು, ನಾಟಕ, ಕೃಷಿಯ ಮಾತು, ಎಲ್ಲವೂ ಗಡಿಯಾರದ ಮುಳ್ಳಿಗೆ ತಕ್ಕಂತೆ ಬಂದು ಹೋಗುವ ಸಂಜೆ ಎಲ್ಲರ ಮನೆಯದಾಯಿತು. ಚಾಪೆ ಸುತ್ತಿಕೊಂಡು ಗದ್ದೆಗೆ ಹೋಗುವವರ ಸಂಖ್ಯೆ ಇಳಿಯಿತು. ಈಚಿನ ವರ್ಷಗಳಲ್ಲಿ ಅನೇಕ ಮೇಳಗಳು ಕಾಲಮಿತಿಯ ಆಟವನ್ನು ಒಪ್ಪಿಕೊಂಡಿವೆ. ಸಂಜೆ ಆರಂಭವಾಗಿ ನಡುರಾತ್ರಿಗೆ ಮಂಗಳ ಹಾಡುತ್ತವೆ. ಕಾರಂತರ ಸಲಹೆಯನ್ನು ಅವರ ಕಾಲದಲ್ಲಿ ತಳ್ಳಿಹಾಕಿದವರ ಮಕ್ಕಳು ಈಗ ಗಡಿಯಾರ ನೋಡಿ ಬಣ್ಣ ಹಚ್ಚುತ್ತಿದ್ದಾರೆ. ಆದರೆ ಮಾತನ್ನು ಮಾತ್ರ ಯಾವ ಮೇಳವೂ ಬಿಟ್ಟಿಲ್ಲ. ಹೊತ್ತಿನ ಮಟ್ಟಿಗೆ ಜನ ಕಾರಂತರ ಕಡೆಗೆ ಬಂದರು. ಮಾತಿನ ಮಟ್ಟಿಗೆ ಬರಲಿಲ್ಲ. ಕಾಲಮಿತಿಯಿಂದ ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಮೊಟಕಾದುದು ಮಾತ್ರ ಯಾರಿಗೂ ಬೇಡವಾಗಿದ್ದ ನಷ್ಟ. ಹೆಜ್ಜೆ ಕಲಿಯುವ ಹುಡುಗರಿಗೆ ರಂಗದಲ್ಲಿ ಸಿಗುತ್ತಿದ್ದ ಮೊದಲ ಅವಕಾಶ ಅದು.

1997ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡವನ್ನು ವಿಭಾಗಿಸಿ ಉಡುಪಿ ಜಿಲ್ಲೆಯನ್ನು ಮಾಡಿದರು. ಅದೇ ವರ್ಷದ ಡಿಸೆಂಬರ್ 9ರಂದು ಆ ಹೊಸ ಜಿಲ್ಲೆಯ ಮಣಿಪಾಲದ ಆಸ್ಪತ್ರೆಯಲ್ಲಿ ಕಾರಂತರು ಕೊನೆಯುಸಿರೆಳೆದರು, ವಯಸ್ಸು 95. ಮೇಳಗಳು ತಿರುಗಾಟಕ್ಕೆ ಹೊರಟಿದ್ದ ತಿಂಗಳು ಅದು. ಕೋಟತಟ್ಟಿನಲ್ಲಿ ಮುಂದೆ ಅವರ ಹೆಸರಿನ ಉದ್ಯಾನವೊಂದು ಎದ್ದಿತು. ಅಲ್ಲಿ ಅವರ ಕೃತಿಗಳ ಪಾತ್ರಗಳು ಶಿಲ್ಪಗಳಾಗಿ ನಿಂತಿವೆ. ಸಂಜೆಗಳಲ್ಲಿ ಅಲ್ಲಿ ನಾಟಕ, ಉಪನ್ಯಾಸ, ಮಕ್ಕಳ ಆಟ ನಡೆಯುವುದುಂಟು, ಅರ್ಥಗಾರಿಕೆಯೂ ಉಂಟು.